ಎದುರಿನವರಿಗೆ ಒಂದು ಬೆರಳು

ಮಾರ್ಚ್ 4, ಸೋಮವಾರ

ಡೋರಿಸ್ ಮೇಲೆ ಸಿಟ್ಟು ಬಂದಿದೆ. ಇಳಿಯುವವರೆಗೆ ಬರೆಯುತ್ತೇನೆ. ಇದು ಜೇನುಪೆಟ್ಟಿಗೆಗಳ ಪುಸ್ತಕ. ಯಾವ ಪೆಟ್ಟಿಗೆಗೆ ಹೊಸ ರಾಣಿ ಬಂತು, ಯಾವುದರಲ್ಲಿ ಹುಳ ಸತ್ತವು ಎಂದೆಲ್ಲ ಮುಂದಿನ ಹಾಳೆಗಳಲ್ಲಿದೆ. ಹಿಂದಿನಿಂದ ತಿರುಗಿಸಿಕೊಂಡು ಬರೆದರೆ ಯಾರಿಗೂ ತಿಳಿಯುವುದಿಲ್ಲ. ವಾಸಿಲ್ ಅಂತೂ ಓದುವುದಿಲ್ಲ. ಓದಲಾರ ಕೂಡ.

ಡೋರಿಸ್ ಬ್ಯಾಂಕ್ ಕೆಲಸದಿಂದ ನಿವೃತ್ತಳಾದ ಮೇಲೆ ಪ್ರತಿ ಮಾರ್ಚಿನಲ್ಲಿ ಚರ್ಚಿನ ಹಾಲಿನಲ್ಲಿ ಕೂತು ಊರವರ ತೆರಿಗೆ ಕಾಗದ ತುಂಬಿಕೊಡುತ್ತಾಳೆ. ಅದಕ್ಕೆ ಕೂಲಿ ಒಂದು ಡಬ್ಬ ಜೇನು, ಇಲ್ಲವೇ ಒಂದು ಡಜನ್ ಮೊಟ್ಟೆ. ಹೋದ ವರ್ಷ ನಮಗೆ ಜೇನು ಚೆನ್ನಾಗಿ ಆಯಿತು. ಈ ಚಳಿಗಾಲ ಅರ್ಧ ಹುಳ ಸತ್ತವು. ಆದರೆ ತೆರಿಗೆಯವರಿಗೆ ಸತ್ತ ಹುಳದ ಗೊಡವೆಯಿಲ್ಲ, ಹೋದ ವರ್ಷದ ಜೇನಿನ ಮೇಲೆ ಕಟ್ಟಲೇಬೇಕು.

ಕಾಗದ ಮುಂದಿಟ್ಟು "ಇಲ್ಲಿ ಸಹಿ ಹಾಕು ವಾಸಿಲ್" ಅಂದಳು. ವಾಸಿಲ್ ಪೆನ್ನು ತೆಗೆದುಕೊಂಡು ಅಚ್ಚುಕಟ್ಟಾಗಿ ಸಹಿ ಹಾಕಿದ, ಮೇಜುಬಟ್ಟೆಯ ಮೇಲೆ.

ನಾನು ನಕ್ಕೆ. ಡೋರಿಸ್ ನಗಲಿಲ್ಲ.

"ಸ್ಟೆಫಾ, ನಿನ್ನ ಗಂಡನಿಗೆ ಎಷ್ಟು ಕಾಣತ್ತೆ?"

"ಪರವಾಗಿಲ್ಲ," ಅಂದೆ.

"ಹಾಗಂದ್ರೆ? ವಾಸಿಲ್, ನೀನು ಹೇಳು."

"ಪರವಾಗಿಲ್ಲ," ಅಂದ ಅವನೂ.

ನಮ್ಮ ಕಡೆ ಯಾರನ್ನು ಏನು ಕೇಳಿದರೂ ಇದೇ ಉತ್ತರ. ಆಲಿಕಲ್ಲು ಬಿದ್ದು ಬೆಳೆ ನೆಲಕಚ್ಚಿದರೂ ಪರವಾಗಿಲ್ಲ, ಕಾಲು ಮುರಿದರೂ ಪರವಾಗಿಲ್ಲ. ನಮ್ಮಪ್ಪ ತೀರಿಕೊಂಡ ದಿನ ಬೆಳಿಗ್ಗೆ ನರ್ಸಿಗೆ ಹೇಳಿದ ಕೊನೆಯ ಮಾತೂ ಅದೇ.

ಡೋರಿಸ್ ದನಿ ತಗ್ಗಿಸಿದಳು. ಕಣ್ಣು ತೀರಾ ಹೋದವರಿಗೆ ತೆರಿಗೆಯಲ್ಲಿ ರಿಯಾಯಿತಿ ಇದೆಯಂತೆ. ಒಂದು ಫಾರಂ. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಯಾವ ವರ್ಷದಿಂದ ಹೀಗಿದೆ ಎಂದು ಬರೆದು ಸಹಿ ಹಾಕಬೇಕು. ಹಿಂದಿನ ವರ್ಷಗಳಲ್ಲಿ ಕಟ್ಟಿದ್ದನ್ನೂ, ಹತ್ತು ವರ್ಷದವರೆಗೆ, ಲೆಕ್ಕ ಹಾಕಿ ವಾಪಸು ಕೊಡುತ್ತಾರಂತೆ.

"ನಿಮ್ಮ ಹಕ್ಕು ಕಣೇ ಅದು, ಭಿಕ್ಷೆ ಅಲ್ಲ."

ಯೋಚಿಸುತ್ತೇವೆ ಎಂದು ಹೇಳಿ ಎದ್ದು ಬಂದೆವು. ದಾರಿಯಲ್ಲಿ ಎದುರಿಗೆ ನಾಲ್ಕು ಗಾಡಿ ಸಿಕ್ಕವು. ನಾಲ್ಕು ಸಲ ನಾನು "ಬೆರಳು" ಅಂದೆ, ನಾಲ್ಕು ಸಲ ವಾಸಿಲ್ ಸ್ಟೇರಿಂಗ್ ಮೇಲಿಂದ ತೋರುಬೆರಳು ಎತ್ತಿದ. ಸಸ್ಕಾಚೆವಾನ್ ಪ್ರಾಂತದ ಈ ಜಲ್ಲಿರಸ್ತೆಗಳಲ್ಲಿ ಎದುರಿಗೆ ಬಂದವರಿಗೆ ಒಂದು ಬೆರಳು ಎತ್ತದಿದ್ದರೆ ಸೊಕ್ಕು ಬಂದಿದೆ ಅನ್ನುತ್ತಾರೆ. ಎರಡು ವರ್ಷದ ಹಿಂದೆ ನಮಗೆ ಆ ಹೆಸರು ಬಂದಿತ್ತು. ಅಂದಿನಿಂದ ನಾನು ಹೇಳುವುದು, ಅವನು ಎತ್ತುವುದು. ಎದುರಿಗೆ ಗಾಡಿ ಇದೆ ಎಂದು ಅವನಿಗೆ ಗೊತ್ತಾಗುವುದೂ ಹಾಗೆಯೇ.

ಏನೂ ಕಾಣುವುದಿಲ್ಲ ಅಂತಲ್ಲ. ನಡುವಿನ ನೋಟ ಹೋಗಿದೆ, ಅಂಚಿನದು ಉಳಿದಿದೆ. ನನ್ನ ಮುಖ ನೋಡಬೇಕಾದರೆ ನನ್ನ ಕಿವಿಯ ಕಡೆ ನೋಡುತ್ತಾನೆ. ರಸ್ತೆಯ ಎರಡು ಬದಿಯ ಹುಲ್ಲು ಕಾಣುತ್ತದೆ. ನಡುವೆ ಏನಿದೆ ಎಂಬುದನ್ನು ನಾನು ಹೇಳುತ್ತೇನೆ. ಇಷ್ಟು ದಿನ ಹಾಗೇ ನಡೆದಿದೆ, ಡೋರಿಸ್‌ಗೆ ಇದರಲ್ಲಿ ಏನು ಕೆಲಸ?

ನಾನು ಗಾಡಿ ಓಡಿಸುವುದಿಲ್ಲ. 1991ರಿಂದ ಓಡಿಸಿಲ್ಲ.

ಮಾರ್ಚ್ 6, ಬುಧವಾರ

ಊಟಕ್ಕೆ ಕೂತಾಗ ರಿಯಾಯಿತಿಯ ಮಾತು ತೆಗೆದೆ. ವಾಸಿಲ್ ಚಮಚ ಕೆಳಗಿಟ್ಟ.

"ನಾನು ಕುರುಡ ಅಲ್ಲ."

"ಯಾರಂದ್ರು ಕುರುಡ ಅಂತ? ಫಾರಂಗೆ ಬೇಕಾದಷ್ಟು ಬರೆಸೋಣ."

"ಫಾರಂ ಬರೆಸಿದ್ರೆ ಲೈಸೆನ್ಸ್ ಹೋಗತ್ತೆ. ಲೈಸೆನ್ಸ್ ಹೋದ್ರೆ ಹುಳ ಹೋಗತ್ತೆ. ಒಂಬತ್ತು ಕಡೆ ಪೆಟ್ಟಿಗೆ ಇಡ್ತೀವಿ ಮುದುಕಿ, ಹೆಗಲ ಮೇಲೆ ಹೊತ್ಕೊಂಡು ಹೋಗ್ಲಾ?"

ತೆರಿಗೆಯವರ ಮುಂದೆ ಕಣ್ಣಿಲ್ಲದವನು, ಲೈಸೆನ್ಸಿನವರ ಮುಂದೆ ಕಣ್ಣಿರುವವನು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಏನಾದರೂ ದಾರಿ ಇದ್ದೇ ಇರಬೇಕು, ಹುಡುಕುತ್ತೇನೆ.

ಸಂಜೆ ಪಿಕಪ್ ಗಾಡಿಯನ್ನು ಕೊಟ್ಟಿಗೆಗೆ ಬಿಡುವಾಗ ಬಾಗಿಲ ಕಂಬಕ್ಕೆ ಉಜ್ಜಿದ. ಈ ತಿಂಗಳಲ್ಲಿ ಎರಡನೆಯ ಸಲ. ಬೈದು, ಕೆಳಗಿಳಿಸಿ, ನಾನೇ ಒಳಗೆ ಬಿಟ್ಟೆ. ಹತ್ತು ಅಡಿ ಅಷ್ಟೇ. ಅದು ಓಡಿಸಿದಂತಲ್ಲ.

ಮಾರ್ಚ್ 19, ಮಂಗಳವಾರ

ಇವತ್ತಿನ ದಿನ ಹೇಗೆ ಕಳೆಯಿತೋ.

ಹೊಸ ಕನ್ನಡಕ ಮಾಡಿಸೋಣ ಎಂದು ಪುಸಲಾಯಿಸಿ ವಾಸಿಲ್‌ನನ್ನು ಪಟ್ಟಣಕ್ಕೆ ಕರೆದುಕೊಂಡು ಹೋದೆ. ಅಂದರೆ, ಅವನು ಓಡಿಸಿದ. ಅರುವತ್ತು ಕಿಲೋಮೀಟರು, ಹದಿಮೂರು ಬೆರಳು. ಕಣ್ಣಿನ ಹಳೆಯ ಡಾಕ್ಟರು ಪ್ರಿಚರ್ಡ್ ನಿವೃತ್ತರಾಗಿದ್ದಾರೆ. ಈಗ ಅವರ ಜಾಗದಲ್ಲಿ ಡಾಕ್ಟರ್ ಕ್ಲಾಸೆನ್ ಎಂಬ ಹುಡುಗಿ. ಮೂವತ್ತು ದಾಟಿರಬಹುದು, ಮಾತು ಕಮ್ಮಿ.

ಒಂದು ವಿಷಯ ಬರೆಯಬೇಕು. 2021ರಲ್ಲಿ ಲೈಸೆನ್ಸಿನವರು ಕಣ್ಣಿನ ಕಾಗದ ಕೇಳಿದ್ದರು. ಪ್ರಿಚರ್ಡ್ ಅವರ ಗೋಡೆಯ ಮೇಲೆ ಮೂವತ್ತು ವರ್ಷದಿಂದ ಒಂದೇ ರಟ್ಟಿನ ಅಕ್ಷರಪಟ. ವಾಸಿಲ್‌ನ ಸರದಿಗೆ ವಾರದ ಮುಂಚೆ ನನ್ನ ಕಣ್ಣು ತೋರಿಸುವ ನೆಪದಲ್ಲಿ ಹೋಗಿ, ಅದನ್ನು ಚೀಟಿಗೆ ಇಳಿಸಿಕೊಂಡು ಬಂದೆ. ಪೆರೋಹಿ ಕಡುಬಿಗೆ ಹಿಟ್ಟು ಲಟ್ಟಿಸುತ್ತ ಅವನಿಗೆ ಬಾಯಿಪಾಠ ಮಾಡಿಸಿದೆ. ಆರನೆಯ ಸಾಲಿನವರೆಗೆ ಒಂದೂ ತಪ್ಪಿಲ್ಲದೆ ಹೇಳಿ ಬಂದ. ಪ್ರಿಚರ್ಡ್ ಬೆನ್ನು ತಟ್ಟಿದ್ದರು.

ಇವತ್ತು ಕ್ಲಾಸೆನ್ ದೀಪ ಆರಿಸಿ, "ಮೇಲಿನ ಸಾಲು ಓದಿ" ಅಂದಳು. ವಾಸಿಲ್ ನೆಟ್ಟಗೆ ಕೂತು ಶುರು ಮಾಡಿದ. "ಇ. ಎಫ್, ಪಿ. ಟಿ, ಓ, ಜೆಡ್. ಎಲ್, ಪಿ, ಇ, ಡಿ." ಚರ್ಚಿನಲ್ಲಿ ಪ್ರಾರ್ಥನೆ ಹೇಳುವ ಹಾಗೆ, ಎಲ್ಲೂ ತಡವರಿಸದೆ.

ಗೋಡೆಯ ಮೇಲೆ ರಟ್ಟು ಇರಲಿಲ್ಲ. ಒಂದು ಬೆಳಕಿನ ಪರದೆ ಇತ್ತು. ಅದರ ಮೇಲೆ ಇದ್ದದ್ದು ಒಂದೇ ಅಕ್ಷರ, ನನ್ನ ಮೊಣಕೈಯಷ್ಟು ದೊಡ್ಡ 'ಕೆ'.

ಡಾಕ್ಟರು ಅವನು ಮುಗಿಸುವವರೆಗೂ ಸುಮ್ಮನಿದ್ದಳು.

"ಎಷ್ಟು ದಿನದಿಂದ ಹೀಗಿದೆ ಬೊಯ್ಕೊ ಅವರೇ?"

"ಪರವಾಗಿಲ್ಲ," ಅಂದ ವಾಸಿಲ್.

"ಇತ್ತೀಚೆಗೆ ಡಾಕ್ಟ್ರೇ," ಅಂದೆ ನಾನು. "ಈ ಚಳಿಗಾಲದಿಂದ ಸ್ವಲ್ಪ..."

"ಮಿಸೆಸ್ ಬೊಯ್ಕೊ, ಅವರನ್ನ ಮಾತಾಡೋಕೆ ಬಿಡಿ."

ಅವನೋ ಬಾಯಿಗೆ ಬೀಗ ಹಾಕಿಕೊಂಡು ಕೂತ. ಎರಡು ಗಂಟೆ ಪರೀಕ್ಷೆ ಆಯಿತು. ಎರಡೂ ಕಣ್ಣಿನಲ್ಲಿ ನಡುಭಾಗ ಹೋಗಿದೆ, ಕನ್ನಡಕದಿಂದ ಏನೂ ಆಗದು, ಫಾರಂ ಕೇಳುವ ಮಿತಿಗಿಂತ ಎಷ್ಟೋ ಕೆಳಗಿದೆ. ಆದರೆ ಅವಳು ಈ ವರ್ಷದಿಂದ ಎಂದು ಮಾತ್ರ ಬರೆದುಕೊಡಬಲ್ಲಳಂತೆ. 2021ರ ಫೈಲಿನಲ್ಲಿ ನೋಟ ಚೆನ್ನಾಗಿದೆ ಎಂದಿದೆಯಲ್ಲ. ಬಾಯಿಪಾಠದ ಫಲ.

"ಇನ್ನು ಗಾಡಿ ಮುಟ್ಟಬೇಡಿ," ಅಂದಳು. "ಲೈಸೆನ್ಸಿನವರಿಗೆ ನಾನು ಬರೀಲೇಬೇಕು, ಬರೀತೀನಿ. ಈಗ ಮನೆಗೆ ಯಾರು ಓಡಿಸ್ತಾರೆ?"

"ನಾನು," ಅಂದೆ. ಅವಳು ಕಿಟಕಿಯಲ್ಲೇ ನಿಂತಿದ್ದಳು. ನಾನೇ ಕೂತು, ಎರಡು ಬೀದಿ ದಾಟಿ, ಪೆಟ್ರೋಲ್ ಬಂಕಿನ ಹಿಂದೆ ನಿಲ್ಲಿಸಿ ಜಾಗ ಬದಲಾಯಿಸಿದೆವು. ಒಂದು ಸಿಗ್ನಲ್ ದೀಪವೂ ಇತ್ತು. ಬೆನ್ನೆಲ್ಲ ಬೆವತು ಹೋಯಿತು.

ಲೈಸೆನ್ಸಿನವರ ಕಾಗದ ಬರುವವರೆಗೆ ಲೈಸೆನ್ಸ್ ಜೇಬಿನಲ್ಲೇ ಇರುತ್ತದೆ ಅನ್ನುತ್ತಾನೆ ಇವನು. ನಾನೂ ಹೂಂ ಅಂದೆ.

ಮಾರ್ಚ್ 20, ಬುಧವಾರ

1991ರ ನವೆಂಬರಿನಲ್ಲಿ ತೊರೆಯ ಸೇತುವೆಯ ಮೇಲೆ ಹಿಮದಲ್ಲಿ ಜಾರಿ ಗಾಡಿಯನ್ನು ಕೆಳಗೆ ಹಾಕಿದೆ. ಪಕ್ಕದಲ್ಲಿ ಅಮ್ಮ ಇದ್ದಳು. ಸೊಂಟ ಮುರಿಯಿತು. ಆಮೇಲೆ ಆರು ವರ್ಷ ಬದುಕಿದಳು, ಒಂದು ದಿನವೂ ನೆಟ್ಟಗೆ ನಡೆಯಲಿಲ್ಲ, ಒಂದು ದಿನವೂ ನನ್ನನ್ನು ಬೈಯಲಿಲ್ಲ. ಲೈಸೆನ್ಸನ್ನು ತಪ್ಪದೆ ನವೀಕರಿಸುತ್ತೇನೆ, ಗುರುತಿನ ಚೀಟಿಗೆ ಬೇಕು ಎಂದು. ಅಷ್ಟೇ.

ಏಪ್ರಿಲ್ 2, ಮಂಗಳವಾರ

ಡೋರಿಸ್ ಲೆಕ್ಕ ಹಾಕಿ ಹೇಳಿದಳು. ಈ ವರ್ಷದಿಂದ ಎಂದಾದರೆ ಸಿಗುವುದು ಚಿಲ್ಲರೆ. ಮೊದಲು ಹಾಳಾದ ವರ್ಷದಿಂದ ಎಂದಾದರೆ ಸತ್ತ ಹುಳಗಳ ಜಾಗಕ್ಕೆ ಹೊಸ ಹುಳ ತರಿಸಬಹುದು. ಆದರೆ ಹಿಂದಿನ ವರ್ಷ ಬರೆಯಬೇಕಾದರೆ 2021ರ ಪರೀಕ್ಷೆ ಸುಳ್ಳು ಎಂದು ಒಪ್ಪಬೇಕು.

ನನಗೊಂದು ಉಪಾಯ ಹೊಳೆಯಿತು. 2021ರ ಪರೀಕ್ಷೆಯಾದ ಮಾರನೆಯ ತಿಂಗಳೇ ಕಣ್ಣು ಹೋಯಿತು ಎಂದರಾಯಿತು. ಯಾರು ನೋಡಿದ್ದಾರೆ? ವಾಸಿಲ್‌ಗೆ ಹೇಳಿದೆ.

ಅವನು ಅಂದ, "2019. ಜನವರಿ ಆರು."

"ಏನು?"

"ನಮ್ಮ ಹಳೇ ಪಂಚಾಂಗದ ಕ್ರಿಸ್‌ಮಸ್ ಊಟ. ನೀನು ಹನ್ನೆರಡು ಅಡುಗೆ ಮಾಡಿದ್ದೆ. ಮೇಣದಬತ್ತಿ ಹಚ್ಚಿ ಕೂತ್ಕೊಂಡೆ. ತಲೆ ಎತ್ತಿ ನೋಡಿದೆ, ನಿನ್ನ ಮುಖ ಇರ್ಲಿಲ್ಲ. ಕೂದಲಿತ್ತು, ಸರ ಇತ್ತು, ನಡುವೆ ಏನೂ ಇಲ್ಲ."

"ನನಗ್ಯಾಕೆ ಹೇಳ್ಲಿಲ್ಲ?"

"ಪರವಾಗಿಲ್ಲ ಅನ್ಕೊಂಡೆ."

ಎದ್ದು ಹೋಗಿ ಒಲೆ ಉಜ್ಜಿದೆ. ಉಜ್ಜುವಂಥದ್ದೇನೂ ಇರಲಿಲ್ಲ. 2021ರಲ್ಲಿ ನನಗೆ ಗೊತ್ತಾಗುವವರೆಗೆ ಎರಡು ವರ್ಷ ನನ್ನೆದುರಿಗೇ ಕೂತು ಉಂಡಿದ್ದಾನೆ, ನನ್ನ ಮುಖ ಕಾಣದೆ, ಹೇಳದೆ. ನನಗೆ ಅಳು ಬಂತು, ಸಿಟ್ಟೂ ಬಂತು.

ಏಪ್ರಿಲ್ 22, ಸೋಮವಾರ

ಈಗಲೇ ಬರೆದುಬಿಡಬೇಕು. ಅಕ್ಷರ ಹೇಗಿದ್ದರೂ ಸರಿ.

ಬಿಸಿಲು ಏರುತ್ತಿದೆ, ಚಳಿಗಾಲದ ಕೊಟ್ಟಿಗೆಯಿಂದ ಹುಳಗಳನ್ನು ಹೊರಗೆ ಸಾಗಿಸಲೇಬೇಕು. ಬೆಳಿಗ್ಗೆ ತಂಪಿರುವಾಗಲೇ ಹದಿನಾಲ್ಕು ಪೆಟ್ಟಿಗೆ ಏರಿಸಿಕೊಂಡು ಹೊರಟೆವು. ಲೈಸೆನ್ಸಿನವರ ಕಾಗದ ಇನ್ನೂ ಬಂದಿರಲಿಲ್ಲ. ವಾಸಿಲ್ ಓಡಿಸುತ್ತಿದ್ದ. ದಾರಿ ನೆಟ್ಟಗೆ, ಖಾಲಿ. ಚೀಲದಲ್ಲಿ ರೊಟ್ಟಿ ಎಲ್ಲಿ ಸೇರಿಕೊಂಡಿತು ಎಂದು ನಾನು ತಲೆ ಬಗ್ಗಿಸಿ ಹುಡುಕಿದೆ. ಹತ್ತು ಸೆಕೆಂಡೂ ಇಲ್ಲ.

ತಲೆ ಎತ್ತಿದಾಗ ಹಳದಿ ಬಣ್ಣ ಗಾಜಿನ ತುಂಬ ಇತ್ತು. ಸ್ಕೂಲ್ ಬಸ್ಸು. ನಿಂತಿದೆ, ಕೆಂಪು ದೀಪ ಮಿನುಗುತ್ತಿದೆ, ಪಕ್ಕದ ನಿಲುಗಡೆ ಫಲಕ ಬಿಚ್ಚಿಕೊಂಡಿದೆ, ಎದುರಿನವರೂ ನಿಲ್ಲಲೇಬೇಕು. ಬಾಯಿಗೆ ಬಂದದ್ದು "ಬೆರಳು!"

ಬೆರಳು ಅಂದೆನಲ್ಲ. ನಿಲ್ಲಿಸು ಅನ್ನಲಿಲ್ಲ. ಅವನು ಬೆರಳು ಎತ್ತಿದ. ಗಾಡಿ ಹೋಗುತ್ತಲೇ ಇತ್ತು.

ಆಮೇಲೆ ಕಿರುಚಿದೆ. ಸ್ಟೇರಿಂಗನ್ನು ನಾನು ಎಳೆದೆನೋ ಅವನು ತಿರುಗಿಸಿದನೋ ಗೊತ್ತಿಲ್ಲ. ರಸ್ತೆ ಬಿಟ್ಟು, ಚರಂಡಿ ಹಾರಿ, ಹೋದ ವರ್ಷದ ಗೋಧಿಕೂಳೆಯ ಹೊಲದಲ್ಲಿ ನಿಂತೆವು. ಎರಡು ಪೆಟ್ಟಿಗೆ ಉರುಳಿ ಒಡೆದವು. ಹುಳ ಹೊಗೆಯಂತೆ ಎದ್ದವು. ಬಸ್ಸಿನ ಕಿಟಕಿಗಳಲ್ಲಿ ಮಕ್ಕಳ ಮೂಗುಗಳು ಅಂಟಿಕೊಂಡಿದ್ದವು. ಒಂದು ಮಗು ಇನ್ನೂ ಬಸ್ಸಿನ ಮೆಟ್ಟಿಲ ಮೇಲಿತ್ತು.

ಬಸ್ಸು ಓಡಿಸುವ ನೆಸ್ಟರ್ ತಲೆ ಹೊರಗೆ ಹಾಕಿ ಕೂಗಿದ. "ಪೆಟ್ಟಿಗೆ ಜಾರಿತಾ ವಾಸಿಲ್?"

"ಜಾರಿತು," ಅಂತ ನಾನೇ ಕೂಗಿದೆ. "ಪರವಾಗಿಲ್ಲ!"

ನೆಸ್ಟರ್ ಬೆರಳು ಎತ್ತಿ ಹೊರಟುಹೋದ. ವಾಸಿಲ್ ಮುಖಪರದೆ ಹಾಕಿಕೊಂಡು ಹುಳಗಳನ್ನು ಮರಳಿ ತುಂಬಿದ, ಬರಿಗೈಯಲ್ಲಿ, ಒಂದೊಂದು ಹಿಡಿ. ಅವನು ಪೆಟ್ಟಿಗೆ ಹಿಡಿದುಕೊಂಡು ಹಿಂದೆ ಕೂತಿರಬೇಕಾದ್ದರಿಂದ ಗಾಡಿಯನ್ನು ಹೊಲದಿಂದ ರಸ್ತೆಗೆ, ರಸ್ತೆಯಿಂದ ಮನೆಗೆ ನಾನು ತಂದೆ. ಬೇರೆ ಯಾರು ತರಬೇಕಿತ್ತು?

ಏಪ್ರಿಲ್ 23, ಮಂಗಳವಾರ

ಬೆಳಿಗ್ಗೆ ಗಾಡಿಯ ಕೀಲಿ ನನ್ನ ತಟ್ಟೆಯ ಪಕ್ಕದಲ್ಲಿತ್ತು. ನೋಡದವಳ ಹಾಗೆ ತಟ್ಟೆ ತೊಳೆದಿಟ್ಟೆ.

ಏಪ್ರಿಲ್ 25, ಗುರುವಾರ

"ಪೆಟ್ಟಿಗೆ ಎಲ್ಲ ಒಟ್ಟಾಗಿ ಬೇಸಾಯ ಮಾಡೋ ಆ ಹಟರೈಟ್ ಪಂಗಡದ ವಸಾಹತಿನವರಿಗೆ ಮಾರಿಬಿಡೋಣ. ಅವರು ಹುಳ ಚೆನ್ನಾಗಿ ನೋಡ್ಕೋತಾರೆ," ಅಂದ.

"ಮಾರಿ ನೀನೇನು ಮಾಡ್ತೀಯಾ?"

"ಕೂತಿರ್ತೀನಿ."

ಮೂವತ್ತೆಂಟು ವರ್ಷದಲ್ಲಿ ಈ ಮನುಷ್ಯ ಊಟಕ್ಕೆ ಬಿಟ್ಟರೆ ಕೂತದ್ದನ್ನು ನಾನು ಕಂಡಿಲ್ಲ.

ಏಪ್ರಿಲ್ 27, ಶನಿವಾರ

ಇಪ್ಪತ್ತು ಡಿಗ್ರಿ ಬಿಸಿಲು. ಕೊಟ್ಟಿಗೆಯ ಗೋಡೆಗೆ ಕಿವಿಯಿಟ್ಟು ವಾಸಿಲ್ ಅಂದ, "ಕುದೀತಿವೆ. ಇವತ್ತು ಹೊರಗೆ ಹೋಗದಿದ್ರೆ ಉಳಿಯಲ್ಲ."

ಹುಳ ಸಾಯಬಾರದಲ್ಲ ಎಂದು ಆರು ಸಲ ಹೋಗಿ ಬಂದೆವು. ಗಂಟೆಗೆ ಇಪ್ಪತ್ತೇ ಕಿಲೋಮೀಟರು. ಒಂದು ಟ್ರ್ಯಾಕ್ಟರ್ ನಮ್ಮನ್ನು ಹಿಂದೆ ಹಾಕಿತು. ಪಕ್ಕದಲ್ಲಿ ಕೂತು ಇವನು "ಗೇರ್ ಬದಲಾಯಿಸು, ಇಂಜಿನ್ ಅಳ್ತಿದೆ" ಅಂತ ಪ್ರಾಣ ತಿಂದ. ಹುಳಗಳಿಗೋಸ್ಕರ ಮಾಡಿದ್ದು. ನಾನು ಗಾಡಿ ಓಡಿಸುವವಳಲ್ಲ.

ಏಪ್ರಿಲ್ 29, ಸೋಮವಾರ

ಅಂಚೆಪೆಟ್ಟಿಗೆಯವರೆಗೆ ಹೋಗಿ ನೋಡಿದೆ. ಲೈಸೆನ್ಸಿನವರ ಕಾಗದ ಬಂದಿದೆ. ಓದಿ ಹೇಳಿದೆ. ವಾಸಿಲ್ ಪಾಕೀಟಿನಿಂದ ಲೈಸೆನ್ಸ್ ತೆಗೆದು, ಹೆಬ್ಬೆರಳಿನಿಂದ ಒಮ್ಮೆ ಸವರಿ, ಲಕೋಟೆಗೆ ಹಾಕಿದ. ಹದಿನಾರನೆಯ ವಯಸ್ಸಿನಿಂದ ಅವನ ಜೇಬಿನಲ್ಲಿದ್ದದ್ದು.

ಮೇ 5, ಭಾನುವಾರ. ಈಸ್ಟರ್

ಬುಟ್ಟಿಯಲ್ಲಿ ಪಾಸ್ಕಾ ರೊಟ್ಟಿ, ಮೊಟ್ಟೆ, ಬೆಣ್ಣೆ, ಜೇನು. ದಾರಿಯುದ್ದಕ್ಕೂ ವಾಸಿಲ್ ತೊಡೆಯ ಮೇಲಿಟ್ಟುಕೊಂಡಿದ್ದ. ಸೇತುವೆಯ ಹತ್ತಿರ ರಸ್ತೆ ಕೆಟ್ಟಿದೆ, ಆದರೂ ಪಾಸ್ಕಾ ಅಲುಗಲಿಲ್ಲ. ಇನ್ನೂ ಕತ್ತಲಿರುವಾಗಲೇ ತಲುಪಿದೆವು.

ಪಾದ್ರಿಗಳು ಬುಟ್ಟಿಗಳಿಗೆ ನೀರು ಚಿಮುಕಿಸಿದ ಮೇಲೆ ಎಲ್ಲರೂ ಅಂಗಳದಲ್ಲಿ ನಿಂತಿದ್ದರು. ನೆಸ್ಟರ್ ಬಂದು "ಕ್ರಿಸ್ತ ಎದ್ದಿದ್ದಾನೆ" ಅಂದ. "ನಿಜವಾಗಿ ಎದ್ದಿದ್ದಾನೆ," ಅಂದ ವಾಸಿಲ್. ಅಷ್ಟಕ್ಕೆ ನಿಲ್ಲಿಸಲಿಲ್ಲ.

"ನೆಸ್ಟರ್, ಅವತ್ತು ಪೆಟ್ಟಿಗೆ ಜಾರಿದ್ದಲ್ಲ. ನನಗೆ ನಿನ್ನ ಬಸ್ಸು ಕಾಣ್ಲಿಲ್ಲ. ಐದು ವರ್ಷದಿಂದ ಯಾರ ಗಾಡೀನೂ ಕಾಣ್ತಿಲ್ಲ."

ನಾನು ಅವನ ತೋಳು ಹಿಡಿದೆ. ಡೋರಿಸ್ ತನ್ನ ಬುಟ್ಟಿಯನ್ನು ನೋಡುತ್ತಿದ್ದಳು.

ನೆಸ್ಟರ್ ಮುಖ ಬಿಳಿಚಿತು. "ಪರವಾಗಿಲ್ಲ ಅಂತ ನಾನು ಹೇಳಲ್ಲ ವಾಸಿಲ್. ಒಳಗೆ ಹನ್ನೊಂದು ಮಕ್ಕಳಿದ್ವು. ಒಂದು ನನ್ನ ಮೊಮ್ಮಗಳು."

"ಹೇಳ್ಬೇಡ," ಅಂದ ವಾಸಿಲ್.

ನೆಸ್ಟರ್ ತನ್ನ ಬುಟ್ಟಿ ಎತ್ತಿಕೊಂಡು ಹೋದ. ನಾವೂ ಬಂದೆವು. ಪಾಸ್ಕಾ ಕೊಯ್ದು ತಿಂದೆವು. ಯಾಕಪ್ಪಾ ಹೇಳಿದೆ, ಹಬ್ಬದ ದಿನವೇ ಹೇಳಬೇಕಿತ್ತೇ ಎಂದು ಕೇಳಿದೆ.

"ಅವತ್ತು ನನ್ನ ಪರವಾಗಿ ನೀನು ಕೂ‌ಗಿದ್ಯಲ್ಲ, ಅದು ಕಿವಿಯಿಂದ ಹೋಗ್ತಾನೇ ಇಲ್ಲ," ಅಂದ.

ಮೇ 17, ಶುಕ್ರವಾರ

ಜಲ್ಲಿರಸ್ತೆಯಲ್ಲಿ ಬಸ್ಸು ಎದುರಾಯಿತು. ಬೆರಳು ಎತ್ತಿದೆ. ನೆಸ್ಟರ್ ಎತ್ತಲಿಲ್ಲ.

"ಯಾರು?" ಅಂತ ಕೇಳಿದ ವಾಸಿಲ್.

ಯಾರೋ ಗೊತ್ತಿಲ್ಲದವರು ಎಂದು ಹೇಳಬಹುದಿತ್ತು. "ನೆಸ್ಟರ್. ಎತ್ತಲಿಲ್ಲ," ಅಂದೆ.

ಮೇ 24, ಶುಕ್ರವಾರ

ಮತ್ತೆ ಎತ್ತಲಿಲ್ಲ. ಈ ವಾರ ಮೂರು ಸಲ. ನಾನಂತೂ ಎತ್ತುತ್ತೇನೆ.

ಜೂನ್ 10, ಸೋಮವಾರ

ಫಾರಂ ಹಿಡಿದುಕೊಂಡು ಮತ್ತೆ ಕ್ಲಾಸೆನ್ ಹತ್ತಿರ. ಕೂತ ಕೂಡಲೆ ವಾಸಿಲ್ ಶುರು ಮಾಡಿದ. 2019ರ ಊಟ, ಬಸ್ಸು, 2021ರ ಬಾಯಿಪಾಠ, ಎಲ್ಲ.

"ಅಕ್ಷರ ಎಲ್ಲಿಂದ ಸಿಕ್ತು ನಿಮಗೆ?"

"ನಾನೇ ಹೇಗೋ ಸಂಪಾದಿಸ್ದೆ," ಅಂದ. ಸುಳ್ಳು ಹೇಳಿದ್ದು ಇದೊಂದನ್ನೇ, ನನಗೋಸ್ಕರ.

ಅವರನ್ನ ಮಾತಾಡೋಕೆ ಬಿಡಿ ಅಂದಿದ್ದಳು ಡಾಕ್ಟರು. ಬಿಟ್ಟಿದ್ದೆ. ಆದರೆ ಇದು ಅವನ ಮಾತಲ್ಲ, ನನ್ನದು.

"ನಾನು ಕದ್ದು ಬರ್ಕೊಂಡು ಬಂದೆ ಡಾಕ್ಟ್ರೇ. ಬಾಯಿಪಾಠ ಮಾಡಿಸಿದ್ದೂ ನಾನೇ. ಪಕ್ಕದಲ್ಲಿ ಕೂತು ಓಡಿಸಿದ್ದೂ ನಾನೇ ಅನ್ನಿ. ಕಣ್ಣು ಅವನದು ಹೋಗಿತ್ತು, ನನ್ನದು ಸರಿ ಇತ್ತು. ತಪ್ಪು ಯಾರದ್ದು ಜಾಸ್ತಿ ಅಂತ ನಿಮ್ಮ ಫಾರಂನಲ್ಲಿ ಜಾಗ ಇದೆಯಾ?"

ಇಲ್ಲ ಅಂದಳು. ಎದ್ದು ಹೋದಳು. ಪೊಲೀಸರನ್ನು ಕರೆಯಲು ಹೋದಳು ಎಂದುಕೊಂಡೆ. ಗಡಿಯಾರ ನೋಡುತ್ತ ಹನ್ನೊಂದು ನಿಮಿಷ ಕೂತೆವು. ವಾಸಿಲ್ ನನ್ನ ಕೈ ಹುಡುಕಿ ಹಿಡಿದುಕೊಂಡ.

ಬಂದಾಗ ಅವಳ ಕೈಯಲ್ಲಿ ಪ್ರಿಚರ್ಡ್ ಕಾಲದ ಹಳೆಯ ಲಕೋಟೆ ಇತ್ತು. 2019ರ ಮಾರ್ಚಿನಲ್ಲಿ, ತಲೆನೋವು ಎಂದು ವಾಸಿಲ್ ಹೋಗಿದ್ದಾಗ ತೆಗೆದ ಕಣ್ಣಿನ ಒಳಗಿನ ಚಿತ್ರಗಳು. ಯಾರೂ ಮತ್ತೆ ಬಿಚ್ಚಿ ನೋಡಿರಲಿಲ್ಲ. ದೀಪಕ್ಕೆ ಹಿಡಿದು ತೋರಿಸಿದಳು. ನಡುವೆ, ಎರಡರಲ್ಲೂ, ಒಂದೊಂದು ಬೂದು ಕಲೆ.

"ನಿಮ್ಮ ಮಾತಿನ ಮೇಲೆ ಮಾತ್ರ ನಾನು ಹಿಂದಿನ ವರ್ಷ ಬರೀತಿರ್ಲಿಲ್ಲ," ಅಂದಳು. "ನಿಮ್ಮ ಮಾತು ಇಲ್ದೆ ಇದನ್ನ ಹುಡುಕ್ತಾನೂ ಇರ್ಲಿಲ್ಲ." 2019 ಎಂದು ಬರೆದು ಸಹಿ ಹಾಕಿದಳು. ಬಾಯಿಪಾಠದ ವಿಷಯವನ್ನೂ ಫೈಲಿನಲ್ಲಿ ಬರೆದಿಟ್ಟಳು. ಬರೆಯಲಿ.

ಕಿಟಕಿಯಲ್ಲಿ ನಿಂತು ನೋಡಿದಳೋ ಏನೋ, ನಾನು ತಿರುಗಿ ನೋಡಲಿಲ್ಲ. ಪೆಟ್ರೋಲ್ ಬಂಕಿನ ಹತ್ತಿರ ಸಿಗ್ನಲ್ ಈಗಲೂ ತುಂಬ ಹೊತ್ತು ಹಿಡಿಯುತ್ತದೆ.

ಜುಲೈ 26, ಶುಕ್ರವಾರ

ತೆರಿಗೆಯವರ ಕಾಗದ ಬಂತು. ಅಂಚೆಪೆಟ್ಟಿಗೆಯ ಹತ್ತಿರ ಗಾಡಿ ನಿಲ್ಲಿಸಿ, ಕಿಟಕಿ ಇಳಿಸಿಕೊಂಡು ಓದಿದೆ. ರಿಯಾಯಿತಿ ಒಪ್ಪಿದ್ದಾರೆ.

"ಯಾವ ವರ್ಷದಿಂದ?"

"2019."

ಹುಳ ತರಿಸಬಹುದು ಎಂದು ಹಿಗ್ಗುತ್ತಾನೆ ಅಂದುಕೊಂಡಿದ್ದೆ. ಅವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಸರ್ಕಾರ ಮುದ್ರೆ ಒತ್ತಿ ಹೇಳ್ತಿದೆ. ಐದು ವರ್ಷ ಕುರುಡ ಗಾಡಿ ಓಡಿಸ್ದ ಅಂತ."

"ಕುರುಡ ಅಲ್ಲ ಅಂತಿದ್ದೆ ಆಗ."

"ಈಗ ಅಂತೀನಿ." ನನ್ನ ಕಿವಿಯ ಕಡೆ ತಿರುಗಿದ. "ಬಿಸಿಲು ಬಿದ್ದಿದೆಯಾ ನಿನ್ನ ಮುಖದ ಮೇಲೆ?"

ಬಿದ್ದಿದೆ ಅಂದೆ. ಮೂಗು ಸುಟ್ಟು ಕೆಂಪಾಗಿದೆ, ಹುಬ್ಬು ಪೂರ್ತಿ ಬೆಳ್ಳಗಾಗಿದೆ, ಎಡಗಡೆಯ ಹಲ್ಲೊಂದು ಹೋದ ಮೇಲೆ ಕೆನ್ನೆ ಒಳಗೆ ಸೇರಿದೆ ಎಂದೂ ಹೇಳಿದೆ. ಇದುವರೆಗೆ ಯಾಕೆ ಹೇಳಿರಲಿಲ್ಲವೋ.

"ಪರವಾಗಿಲ್ಲ," ಅಂದ. ನಕ್ಕೆವು.

ಏಳನೆಯ ಜಾಗಕ್ಕೆ ಹೊರಟೆವು. ಅಲ್ಲಿಯ ಪೆಟ್ಟಿಗೆಗಳು ಕೈಯಲ್ಲಿ ಎತ್ತಿ ನೋಡಿದರೆ ತುಂಬಿವೆ ಅನ್ನುತ್ತಾನೆ, ಇವತ್ತು ಮೇಲೊಂದು ಅಂತಸ್ತು ಇಡಬೇಕು. ದಾರಿಯುದ್ದಕ್ಕೂ ಇವನ ಬಾಯಿ ನಿಲ್ಲಲಿಲ್ಲ. ಟಯರಿನಲ್ಲಿ ಗಾಳಿ ಕಮ್ಮಿ ಇದೆ, ಬಲಕ್ಕೆ ಎಳೀತಿದೆ, ಈಗ ಮೂರನೆಯ ಮೈಲಿ, ಇಲ್ಲಿ ಗುಂಡಿ. ಪಕ್ಕದಲ್ಲಿ ಕೂತವರು ಸುಮ್ಮನೆ ಕೂತಿರಬಾರದೇ? ಇದನ್ನೆಲ್ಲ ನನ್ನಿಂದ ಇಷ್ಟು ವರ್ಷ ಹೇಗೆ ಸಹಿಸಿಕೊಂಡನೋ ದೇವರೇ ಬಲ್ಲ.

ದಿಬ್ಬದ ಮೇಲೆ ಬಿಸಿಲು ನೇರ ಕಣ್ಣಿಗೆ ಹೊಡೆಯಿತು. ಆಚೆ ಬದಿಯಿಂದ ಜಲ್ಲಿಯ ಸದ್ದು ಅವನಿಗೆ ಮೊದಲು ಕೇಳಿಸಿತು.

"ಬೆರಳು," ಅಂದ.

ಎತ್ತಿದೆ. ಧೂಳಿನೊಳಗಿಂದ ನೆಸ್ಟರ್‌ನ ನೀಲಿ ಪಿಕಪ್ ಬಂತು. ಪಕ್ಕದಲ್ಲಿ ಅವನ ಮೊಮ್ಮಗಳು ಕೂತಿದ್ದಳು. ನೆಸ್ಟರ್ ನನ್ನನ್ನು ನೋಡಿದ, ಪಕ್ಕದ ಸೀಟಿನಲ್ಲಿದ್ದ ವಾಸಿಲ್‌ನನ್ನು ನೋಡಿದ.

"ಯಾರು?" ಅಂತ ಕೇಳಿದ ಇವನು.

"ನೆಸ್ಟರ್," ಅಂದೆ. "ಎತ್ತಿದ."